ನವೆಂಬರಿನ ಕಿವಿ

ಮಾರ್ಚ್ 9

ಅಪ್ಪನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕುಶಲಪ್ರಶ್ನೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನೀವು ಗುಂಡುಕಲ್ಲಿನ ಹಾಗೆ ಇದ್ದೀರೆಂದು ಸೋದರತ್ತೆ ಆಗಾಗ ತಿಳಿಸುತ್ತಿರುತ್ತಾರೆ.

ಈ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಎರಡು ಮುದ್ದೆಗಳಿವೆ. ನಿಮ್ಮ ಮೊಮ್ಮಗಳ ಕಿವಿಯೊಳಗೆ ತುಂಬಿ ತೆಗೆದ ಅಳತೆ. ಅವಳಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಅವಳ ಅಪ್ಪನ ಹಾಗೆ ಅವಳಿಗೂ ಕಿವಿ ಸರಿಯಾಗಿ ಕೇಳುವುದಿಲ್ಲ. ಒಂಬತ್ತು ತಿಂಗಳ ಕೂಸಿದ್ದಾಗಿನಿಂದ ಕಿವಿ ಮಿಷನ್ ಹಾಕುತ್ತಿದ್ದಾಳೆ. ಇದನ್ನು ನಿಮಗೆ ತಿಳಿಸಬಾರದೆಂದು ಅತ್ತೆಯ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ. "ನಾನು ಆಗಲೇ ಹೇಳಿರಲಿಲ್ವಾ" ಎಂಬ ನಿಮ್ಮ ಮಾತು ಕೇಳಿಸಿಕೊಳ್ಳುವ ತಾಕತ್ತು ನನಗಿರಲಿಲ್ಲ.

ಮಿಷನ್ ಎಷ್ಟೇ ಒಳ್ಳೆಯದಾದರೂ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದರೆ ಸದ್ದು ಸೋರಿ ಕೀಂಯ್ ಎಂದು ಕೂಗುತ್ತದೆ. ಅಚ್ಚು ಮಾಡುವುದೇ ಕಸುಬಾದ ನಿಮಗೆ ಇದನ್ನು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಇಲ್ಲಿ ಅಚ್ಚು ಮಾಡುವ ಒಂದೇ ಕಾರ್ಖಾನೆ ಸೋಂಕಿನ ಭಯಕ್ಕೆ ಬಾಗಿಲು ಹಾಕಿದೆ. ಯಾವಾಗ ತೆರೆಯುತ್ತದೆಂದು ಕೇಳಿದರೆ ಭುಜ ಹಾರಿಸುತ್ತಾರೆ. ಮಗುವಿನ ಹಳೆಯ ಅಚ್ಚುಗಳು ಆಗಲೇ ಸಡಿಲ. ಅವಳ ಬಾಯಲ್ಲಿ ಹನ್ನೊಂದು ಮಾತಿದೆ. ಅವು ಉಳಿಯಬೇಕು, ಬೆಳೆಯಬೇಕು. ಅದೊಂದೇ ನನ್ನ ಚಿಂತೆ.

ಫೋನ್ ಮಾಡಬೇಡಿ. ನಾಲ್ಕನೇ ಮಾತಿಗೆ ನಾವಿಬ್ಬರೂ ಫೋನ್ ಕುಕ್ಕುತ್ತೇವೆ. ಡಬ್ಬಿ ಸೇರಿದ ಕೂಡಲೇ "ಬಂತು" ಎಂದು ಒಂದು ಮೆಸೇಜು ಸಾಕು. ಹತ್ತು ದಿನದಲ್ಲಿ ಸೇರುತ್ತದೆ ಎಂದಿದ್ದಾರೆ.

ಇಂತಿ,
ನಿಮ್ಮ ಮಗಳು

~

ಮೇ 25

ಮಗಳೇ,

ಹತ್ತು ದಿನವಲ್ಲ, ಹತ್ತೂ ಚಿಲ್ಲರೆ ವಾರ. ಮೊನ್ನೆ ಶುಕ್ರವಾರ ಡಬ್ಬಿ ಬಂತು. ಅದರ ಮೈಮೇಲಿನ ಮೊಹರುಗಳನ್ನು ನೋಡಿದರೆ ನನಗಿಂತ ಹೆಚ್ಚು ದೇಶ ಸುತ್ತಿದೆ. ಅಷ್ಟು ದಿನವೂ ನಾನು ವಾರಕ್ಕೆ ಎರಡು ಸಲ ದೊಡ್ಡ ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತೆ. ವಿದೇಶಿ ಅಂಚೆಯ ಕೌಂಟರಿನಲ್ಲಿ ಒಬ್ಬ ಹೆಂಗಸು ಇದ್ದಾಳೆ. ಮುಖಗವಸು ಹಾಕಿದ್ದರಿಂದ ಕಣ್ಣು ಮಾತ್ರ ಕಾಣುತ್ತದೆ, ಆ ಕಣ್ಣಿನಲ್ಲೇ ಬೈಯುತ್ತಾಳೆ. ಪ್ರತಿ ಸಲವೂ ಅದೇ ಮಾತು: "ವಿಮಾನ ಇಲ್ಲ ತಾತ. ಚೀಲಗಳೆಲ್ಲ ಗೋದಾಮಿನಲ್ಲಿ ಬಿದ್ದಿವೆ. ನೀವು ದಿನಾ ಬಂದ್ರೆ ಅವಕ್ಕೆ ರೆಕ್ಕೆ ಬರುತ್ತಾ?" ಕೊರಿಯರಿನವರು ಮೊದಲೇ ಕೈ ಎತ್ತಿದ್ದರು. ಈಗ ನಿಮ್ಮ ಕಡೆಗೆ ಹಡಗಿನಲ್ಲಿ ಚೀಲ ಕಳಿಸಲು ಶುರು ಮಾಡಿದ್ದಾರಂತೆ.

ಅಚ್ಚು ಮಾಡಿ ಮುಗಿಸಿದೆ. ಎರಡು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ನಿನ್ನ ಅತ್ತೆ ಹೊಳಪು ಕೊಟ್ಟಿದ್ದಾಳೆ. ಕೆಂಪು ಚುಕ್ಕೆ ಇರುವುದು ಬಲಗಿವಿಗೆ, ನೀಲಿ ಎಡಗಿವಿಗೆ. ನೀನು ಕಳಿಸಿದ ಅಳತೆಗೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿಕೊಟ್ಟರೆ ಅಂಗಡಿಯ ಬೋರ್ಡು ಇಳಿಸುತ್ತೇನೆ. ಮೂವತ್ತೆಂಟು ವರ್ಷದಲ್ಲಿ ಇಷ್ಟು ಚೊಕ್ಕ ಕೆಲಸ ನನ್ನ ಕೈಯಿಂದ ಆಗಿರಲಿಲ್ಲ.

ಮಿಕ್ಕ ವಿಷಯ ಏನು ಬರೆಯಬೇಕೋ ತಿಳಿಯಲಿಲ್ಲ. "ನಾನು ಆಗಲೇ ಹೇಳಿರಲಿಲ್ವಾ" ಎಂದು ನಾನು ಹೇಳುತ್ತಿಲ್ಲ, ಗಮನಿಸು. ಮಗುವಿನ ಒಂದು ಪಟ ಕಳಿಸಿದ್ದರೆ ಚೆನ್ನಾಗಿತ್ತು. ನನ್ನ ಹತ್ತಿರ ಅವಳ ಕಿವಿ ಮಾತ್ರ ಇದೆ.

ಅಪ್ಪ

~

ಜುಲೈ 28

ಅಪ್ಪಾ,

ಬೋರ್ಡು ಇಳಿಸು.

ನಿನ್ನೆ ಡಬ್ಬಿ ಬಂತು. ಒಂಬತ್ತು ವಾರ ಅದನ್ನೇ ಜಪ ಮಾಡುತ್ತಿದ್ದೆ. ಇವತ್ತು ಬೆಳಿಗ್ಗೆ ಕಿವಿ ಪರೀಕ್ಷೆಯಾಕೆ ನಮ್ಮ ಮನೆಯ ಹಿತ್ತಲಿಗೆ ಬಂದು, ಕುರ್ಚಿ ದೂರ ಹಾಕಿಕೊಂಡು, ಕೈಗವಸು ತೊಟ್ಟು ಅಚ್ಚು ಕೂರಿಸಿ ನೋಡಿದಳು. ಎರಡೂ ಅಲ್ಲಾಡಿದವು. ಮಿಷನ್ ಹಾಕಿದ್ದೇ ತಡ, ಕೀಂಯ್ ಎಂದು ಪಕ್ಕದ ಮನೆಯ ನಾಯಿ ಬೊಗಳುವಷ್ಟು ಕೂಗಿತು. ಮಗು ಕಿತ್ತು ಬಿಸಾಡಿದಳು. ಹುಲ್ಲಿನಲ್ಲಿ ನೀಲಿ ಚುಕ್ಕೆಯದನ್ನು ಹುಡುಕಲು ಅರ್ಧ ಗಂಟೆ ಬೇಕಾಯಿತು.

ನೀನು ಮಾಡಿದ್ದು ಮಾರ್ಚ್ ತಿಂಗಳ ಕಿವಿ. ಇವಳ ತಲೆಯ ಮೇಲೆ ಇರುವುದು ಜುಲೈ ತಿಂಗಳದು. ಎರಡು ವರ್ಷದ ಮಗುವಿನ ಕಿವಿ ಅಂಚೆಯವರಿಗಾಗಿ ಕಾಯುತ್ತಾ ಕೂರುತ್ತದೆಯೇ? ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಇದು? ಕೂದಲೆಳೆ ಅಳೆಯುತ್ತ ಕೂತವನು ಕ್ಯಾಲೆಂಡರ್ ಒಮ್ಮೆ ನೋಡಬೇಕಿತ್ತು.

ಹನ್ನೊಂದು ಮಾತಿತ್ತು ಎಂದಿದ್ದೆನಲ್ಲ. ಈಗ ನಾಲ್ಕಾಗಿದೆ. "ನೀರು" ಹೋಯಿತು, "ಬಾ" ಹೋಯಿತು. ಕೈಸನ್ನೆಯಲ್ಲಿ ಅವಳಪ್ಪನ ಜೊತೆ ದಿನವಿಡೀ ಹರಟುತ್ತಾಳೆ, ಅದಕ್ಕೆ ಕೊರತೆಯಿಲ್ಲ. ಆದರೆ ಅವಳಿಗೆ ಸದ್ದು ಇಷ್ಟವಿತ್ತು. ನಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನಗುತ್ತಿದ್ದಳು. ಈಗ ನಲ್ಲಿಯ ಹತ್ತಿರ ಹೋಗುವುದಿಲ್ಲ. ಮೂರು ವರ್ಷ ತುಂಬುವುದರೊಳಗೆ ಕೇಳಿದ್ದೇ ಮುಂದಿನ ಮಾತಿಗೆ ಬುನಾದಿ ಎನ್ನುತ್ತಾಳೆ ಪರೀಕ್ಷೆಯಾಕೆ. ಹೊಸ ಅಳತೆ ಕಳಿಸುವುದಿಲ್ಲ. ನಿನ್ನ ಕೈಗೆ ಸೇರುವಷ್ಟರಲ್ಲಿ ಅದೂ ಹಳೆಯ ಕಿವಿ.

ಟ್ರಾಮ್ ಓಡಿಸುವ ಕೆಲಸ ನಿಂತಿಲ್ಲ. ದಾದಿಯರು, ಕಸದವರು, ನಾನು, ಇಷ್ಟೇ ಜನ ರಸ್ತೆಯಲ್ಲಿ. ಅತ್ತೆಯನ್ನು ಕೇಳಿದೆನೆಂದು ಹೇಳು.

ಮಗಳು

~

ಆಗಸ್ಟ್ 2

ಮಾವನವರಿಗೆ,

ಹಾಗೆ ಕರೆಯಲು ನನಗೆ ಅಪ್ಪಣೆ ಇದೆಯೋ ಇಲ್ಲವೋ. ಈ ಕಾಗದ ನಿಮ್ಮನ್ನು ಸೇರಲು ಹೇಗೂ ಒಂದೂವರೆ ತಿಂಗಳು ಬೇಕು, ಅಷ್ಟರೊಳಗೆ ನೀವು ಬೈದರೂ ನನಗೆ ತಲುಪುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಇವಳ ಕಾಗದ ಖಾರವಾಗಿತ್ತು. ಲಕೋಟೆಗೆ ಅಂಟು ಹಚ್ಚುವಾಗ ಓದಿದೆ. ಪುಸ್ತಕ ಕಟ್ಟುವವನ ಕೈಗೆ ಬಂದ ಕಾಗದ ಓದದೆ ಹೋಗುವುದಿಲ್ಲ. ನಿಮ್ಮದು ತಪ್ಪಲ್ಲ ಎಂದು ನಾನು ಹೇಳುವುದಿಲ್ಲ, ತಪ್ಪೇ. ಆದರೆ ಎಂಥ ತಪ್ಪು ಎಂದು ನನಗೆ ಗೊತ್ತು. ನಿಮ್ಮ ಗಿರಾಕಿಗಳೆಲ್ಲ ನಿಮ್ಮ ಎದುರಿನ ಕುರ್ಚಿಯಲ್ಲಿ ಕೂತವರು. ಇವತ್ತು ಅಳತೆ ಕೊಟ್ಟು ನಾಡಿದ್ದು ಅಚ್ಚು ಒಯ್ದವರು. ಎರಡು ವರ್ಷದವನಾಗಿದ್ದಾಗಿನಿಂದ ನಾನೂ ಅಲ್ಲೇ ಕೂತವನು. ಮೂರು ತಿಂಗಳಿಗೊಮ್ಮೆ ನನ್ನ ಅಚ್ಚು ಕೂಗತೊಡಗುತ್ತಿತ್ತು. ನೀವು ನನ್ನ ಗಲ್ಲ ಹಿಡಿದು, ತುಟಿ ಚೆನ್ನಾಗಿ ಕಾಣುವ ಹಾಗೆ, "ಮತ್ತೆ ಬೆಳೆದ್ಯಾ ಕಳ್ಳ" ಅನ್ನುತ್ತಿದ್ದಿರಿ. ನಾನು ಮೊದಲು ಓದಲು ಕಲಿತ ತುಟಿ ಅಮ್ಮನದು, ಎರಡನೆಯದು ನಿಮ್ಮದು.

ಅದಕ್ಕೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇವಳನ್ನು ಮದುವೆಯಾಗುತ್ತೇನೆಂದು ಕೇಳಲು ಬಂದ ದಿನ ನೀವು ಗೋಡೆಯ ಕಡೆ ತಿರುಗಿ ಮಾತಾಡಿದಿರಿ, ನನಗೆ ತಿಳಿಯದಿರಲಿ ಎಂದು. ಗೋಡೆಯಲ್ಲಿ ಕನ್ನಡಿ ಇತ್ತು. ಅಚ್ಚು ಹೇಗೆ ಕೂತಿದೆಯೆಂದು ನಮಗೆ ತೋರಿಸಲು ನೀವೇ ಹಾಕಿಸಿದ ಕನ್ನಡಿ. "ಕಿವಿ ಕೇಳದವನಿಗೆ ಮಗಳನ್ನ ಕೊಟ್ಟು, ಮೊಮ್ಮಕ್ಕಳಿಗೂ ಅಚ್ಚು ಮಾಡ್ತಾ ಕೂರ್ಲಾ?" ಎಂದಿರಿ. ನನಗೆ ಗೊತ್ತಾಗಲಿಲ್ಲವೆಂದು ಇವಳು ಇವತ್ತಿಗೂ ಅಂದುಕೊಂಡಿದ್ದಾಳೆ. ನಾನೂ ಹಾಗೇ ಬಿಟ್ಟಿದ್ದೇನೆ.

ಚುಚ್ಚಬೇಕೆಂದು ಇದನ್ನು ಬರೆಯಲಿಲ್ಲ. ನನ್ನ ಮಗಳಿಗೆ ಅಚ್ಚು ಬೇಕು, ಅದನ್ನು ಮಾಡಬಲ್ಲವರು ನೀವೊಬ್ಬರೇ ಎಂದು ನಾನು ನಂಬಿದ್ದೇನೆ, ಎಲ್ಲ ಗೊತ್ತಿದ್ದೂ ನಂಬಿದ್ದೇನೆ. ಇವಳು ಬೇಡವೆಂದರೂ ಹೊಸ ಅಳತೆ ತೆಗೆಸಿ ಇದರೊಳಗೆ ಇಟ್ಟಿದ್ದೇನೆ. ಕಿವಿಯೊಳಗಿನ ಎರಡನೇ ತಿರುವು ಥೇಟ್ ನನ್ನದೇ ಎಂದಳು ಪರೀಕ್ಷೆಯಾಕೆ. ಪಟವೂ ಇದೆ. ಮುಖ ಸಿಂಡರಿಸಿಕೊಂಡಿರುವುದು ಅವಳ ಮಾಮೂಲು. ಗಾತ್ರಕ್ಕಿಂತ ಖಾರ ಹೆಚ್ಚು, ಅದಕ್ಕೇ ಮನೆಯಲ್ಲಿ ಮೆಣಸಿನಕಾಳು ಎಂದು ಕರೆಯುತ್ತೇವೆ. ಯಾರ ಕಡೆಯಿಂದ ಬಂತೋ ಆ ಖಾರ, ನಾನು ಹೇಳುವುದಿಲ್ಲ.

ನಿಮ್ಮ ಹಳೆಯ ಗಿರಾಕಿ

~

ಸೆಪ್ಟೆಂಬರ್ 16

ಅಳಿಯಂದಿರಿಗೆ,

ನಿಮ್ಮ ಕಾಗದ ಇದೇ ಹತ್ತನೇ ತಾರೀಕು ಸೇರಿತು. ಮಗಳದು ಅದರ ಹಿಂದಿನ ದಿನ. ಅವಳದನ್ನು ಓದುತ್ತ ಕೂತಿದ್ದೆ. ನನ್ನ ತಂಗಿ ಇಣುಕಿ ನೋಡಿ, "ನೀನು ಅಂತ ಬರೆದಿದಾಳೆ, ಸಿಟ್ಟು ಇಳೀತಿದೆ ಬಿಡು" ಎಂದಳು. ನಿಮ್ಮದನ್ನು ಓದಿದ ಮೇಲೆ ಕೂರಲೂ ಆಗಲಿಲ್ಲ. ಕನ್ನಡಿಯ ಮುಂದೆ ಹೋಗಿ ನಿಂತೆ. ಅಲ್ಲಿ ನಿಂತವನ ಮುಖ ನನಗೆ ಸೇರಲಿಲ್ಲ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನನ್ನದು ಸಿಟ್ಟೂ ಅಲ್ಲ, ಹೆದರಿಕೆ. ಈ ಕುರ್ಚಿಯಲ್ಲಿ ಅಳುತ್ತ ಕೂತ ತಾಯಂದಿರನ್ನು ಮೂವತ್ತೆಂಟು ವರ್ಷ ನೋಡಿದ್ದೇನೆ, ನನ್ನ ಮಗಳು ಅವರಲ್ಲೊಬ್ಬಳಾಗುವುದು ಬೇಡವೆಂದು ಹೆದರಿದೆ. ಹೆದರಿ, ಕೈಯಾರೆ ಬೆಳೆಸಿದ ಹುಡುಗನಿಗೆ ಬೆನ್ನು ತಿರುಗಿಸಿದೆ. ತಪ್ಪಾಯಿತು. ಈ ಕಾಗದವನ್ನು ಅವಳೂ ಓದಲಿ. ನಾನು ಆಡಿದ್ದು ನಿಮಗೆ ತಿಳಿದಿದೆ ಎಂಬುದನ್ನು ಅವಳಿಂದ ಮುಚ್ಚಿಡುವ ಹೊರೆ ನಿಮಗೆ ಬೇಡ.

ಇನ್ನು ಕೆಲಸದ ಮಾತು. ಮೇಲಿನ ಹಲಗೆಯ ಮೇಲೆ ಪ್ರತಿ ಗಿರಾಕಿಯ ಪ್ಲಾಸ್ಟರ್ ಕಿವಿ ಇಡುವುದು ನಿಮಗೆ ನೆನಪಿರಬೇಕು. ಅಳತೆಯಿಂದ ಮೊದಲು ಪ್ಲಾಸ್ಟರ್ ಕಿವಿ ಮಾಡುತ್ತೇನೆ, ಅದರ ಮೇಲೆ ಅಚ್ಚು. ಗಿರಾಕಿ ಬರುವುದು ನಿಲ್ಲಿಸಿ ಎರಡು ವರ್ಷವಾದರೆ ಎಸೆಯುತ್ತೇನೆ, ಜಾಗ ಬೇಕಲ್ಲ. ನಿಮ್ಮ ಕಾಗದ ಬಂದ ಸಂಜೆ ಏಣಿ ಹಾಕಿ ಹತ್ತಿದೆ. ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ನಿಮ್ಮವು, ಎರಡು ವರ್ಷದಿಂದ, ಕಿವಿ ಬೆಳೆಯುವುದು ನಿಂತ ಹದಿನೆಂಟರವರೆಗೆ, ಒಂದೊಂದರ ಹಿಂದೆಯೂ ತಾರೀಕು. ನಲವತ್ತೊಂದು ಜೊತೆ. ಒಂದನ್ನೂ ಎಸೆದಿಲ್ಲ. ತಂಗಿ ಏಣಿ ಹಿಡಿದು ಕೆಳಗೆ ನಿಂತಿದ್ದಳು. "ಏನಣ್ಣ, ಹುಡುಗನ ಕಿವೀನ ಇಷ್ಟು ವರ್ಷ ಜೋಪಾನ ಮಾಡಿದೀಯ, ಹುಡುಗನನ್ನ ಮಾತ್ರ ಹೊರಗೆ ಹಾಕ್ದೆ" ಎಂದಳು. ಪೆಟ್ಟಿಗೆಯನ್ನು ಅವಳ ಕೈಗೆ ಇಳಿಸಿದೆ.

ಮಾರ್ಚ್ ತಿಂಗಳ ಅಳತೆ, ನೀವು ಕಳಿಸಿದ ಆಗಸ್ಟಿನದು, ಎರಡನ್ನೂ ನಿಮ್ಮ ಎರಡು ವರ್ಷದ ಕಿವಿಗಳ ಪಕ್ಕ ಇಟ್ಟೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಕಿವಿಯ ಮಟ್ಟಿಗೆ ಸುಳ್ಳು. ಅವಳದು ಪೂರಾ ನಿಮ್ಮದು. ಅದೇ ತಿರುವು, ಅದೇ ತಗ್ಗು, ಬಲಗಿವಿಯ ಬಾಯಲ್ಲಿ ಅದೇ ಮೊಂಡು ಏಣು. ಸ್ವಲ್ಪ ಸಣ್ಣದು, ಅಷ್ಟೇ. ಹಾಗಿದ್ದರೆ ಮುಂದೆ ಬೆಳೆಯುವುದೂ ನಿಮ್ಮದರಂತೆಯೇ ತಾನೆ? ಎರಡೂವರೆ ವರ್ಷಕ್ಕೆ ನಿಮ್ಮ ಕಿವಿ ಎಲ್ಲಿ ಅಗಲವಾಯಿತು, ಎಲ್ಲಿ ಆಗಲಿಲ್ಲ, ಅಳೆದು ಬರೆದುಕೊಂಡೆ. ಅಷ್ಟಷ್ಟೇ ಮೇಣವನ್ನು ಅವಳ ಅಳತೆಯ ಮೇಲೆ ಏರಿಸಿದೆ. ಇನ್ನೂ ಆಗಿರದ ಕಿವಿಗೆ ಅಚ್ಚು ಮಾಡಿದ್ದೇನೆ. ಈ ಕಸುಬಿನಲ್ಲಿ ಯಾರಾದರೂ ಕೇಳಿದರೆ ನನಗೆ ಅರಳು ಮರಳು ಎನ್ನುತ್ತಾರೆ.

ನವೆಂಬರಿಗೆ ಒಂದು ಜೊತೆ, ಜನವರಿಗೆ ಒಂದು, ಮಾರ್ಚಿಗೆ ಒಂದು. ಹೀಗೆ ಮೂರೂ ಜೊತೆ ಇರುವ ಕಟ್ಟುಗಳನ್ನು ಮೂರು ಮಾಡಿದ್ದೇನೆ. ಕೌಂಟರಿನಾಕೆಗೆ ವಿಷಯ ವಿವರಿಸಿದೆ. ಬೈಯುವುದನ್ನು ನಿಲ್ಲಿಸಿ, ಯಾವ ದಾರಿ ತೆರೆದಿದೆಯೆಂದು ದೊಡ್ಡ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದಳು. ಒಂದು ಕಟ್ಟು ನೇರ ಹಡಗಿಗೆ, ಒಂದು ವಿಮಾನ ಹಾರುತ್ತಿರುವ ಮೂರನೇ ದೇಶದ ಮೂಲಕ, ಇನ್ನೊಂದು ರೈಲಿನಲ್ಲಿ ಸುತ್ತುದಾರಿಗೆ. "ಒಂದಾದರೂ ಮುಟ್ಟೇ ಮುಟ್ಟುತ್ತೆ ತಾತ" ಎಂದು ಮೂರಕ್ಕೂ ತಾನೇ ಮೊಹರು ಒತ್ತಿದಳು. ಯಾವುದು ಮೊದಲು ಬಂದರೂ ಆ ತಿಂಗಳ ಚೀಟಿ ಇರುವ ಜೊತೆಯನ್ನು ಹಾಕಿ. ಈ ಸಲ ಕ್ಯಾಲೆಂಡರ್ ನೋಡಿದ್ದೇನೆಂದು ಮಗಳಿಗೆ ಹೇಳಿ.

ಮಾವ

~

ಜನವರಿ 20

ಅಪ್ಪಾ,

ನವೆಂಬರ್ ಒಂಬತ್ತಕ್ಕೆ ನಾನು ಕಳಿಸಿದ ಮೆಸೇಜಿನಲ್ಲಿ ಎರಡೇ ಪದ ಇದ್ದವು: "ಬಂತು. ಕೂತಿತು." ಉದ್ದದ ಕಾಗದ ಬರೆಯಲು ಇಷ್ಟು ದಿನ ಬೇಕಂತಲೇ ತಡೆದೆ. ಜನವರಿಯ ಜೊತೆಯನ್ನೂ ನೋಡದೆ ನಿನ್ನನ್ನು ಹೊಗಳಿದರೆ ನೀನು ಅಟ್ಟಕ್ಕೇರುತ್ತೀ ಎಂದು ಗೊತ್ತಿತ್ತು. ಈಗ ಬರೆಯುತ್ತೇನೆ.

ಮೊದಲು ಬಂದದ್ದು ಮೂರನೇ ದೇಶ ಸುತ್ತಿದ ಕಟ್ಟು. ಅದೇ ದಿನ ಬೇರೆ ಲಕೋಟೆಯಲ್ಲಿ ನಿನ್ನ ಕಾಗದ. ಅದನ್ನು ಓದಿ ಇವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ನಾಲ್ಕು ವರ್ಷ ಏನೂ ತಿಳಿಯದವನಂತೆ ಇದ್ದನಲ್ಲ. ಕೈಸನ್ನೆಯಲ್ಲಿ ಜಗಳವಾಡಿದರೆ ಕೈ ನೋಯುತ್ತದೆ ಎಂದು ಅವತ್ತು ಗೊತ್ತಾಯಿತು. ಆಮೇಲೆ ಇಬ್ಬರೂ ಅತ್ತೆವು. ಅದನ್ನು ನೋಡಿ ಮೆಣಸಿನಕಾಳೂ ಅತ್ತಳು, ಅವಳು ಯಾವುದರಲ್ಲೂ ಹಿಂದೆ ಬೀಳುವವಳಲ್ಲ.

ಪರೀಕ್ಷೆಯಾಕೆಗೆ ನಂಬಿಕೆಯೇ ಇರಲಿಲ್ಲ. "ಅಂದಾಜಿನ ಮೇಲೆ ಮಾಡಿದ್ದು ಮಗುವಿನ ಕಿವಿಗೆ ಕೂರಲ್ಲ, ಆಸೆ ಇಟ್ಕೋಬೇಡಿ" ಎಂದೇ ಹಿತ್ತಲಿಗೆ ಬಂದಳು. ಕೆಂಪು ಚುಕ್ಕೆಯದನ್ನು ಬಲಗಿವಿಗೆ ತಿರುಗಿಸಿ ಒತ್ತಿದಳು. ಮಿಷನ್ ಹಾಕಿ ಅಂಗೈಯಿಂದ ಮುಚ್ಚಿ ನೋಡಿದಳು. ಕೂಗಲಿಲ್ಲ. ಮಗುವಿನ ದವಡೆ ಆಡಿಸಿ ನೋಡಿದಳು. ಕೂಗಲಿಲ್ಲ. ತಲೆ ಅಲ್ಲಾಡಿಸು ಎಂದಳು, ಇವಳು ಕುತ್ತಿಗೆ ಕಳಚುವ ಹಾಗೆ ಅಲ್ಲಾಡಿಸಿದಳು. ಆಗಲೂ ಕೂಗಲಿಲ್ಲ. "ಇದನ್ನ ಮಾಡಿದವರ ವಿಳಾಸ ಕೊಡಿ" ಎಂದಳು ಪರೀಕ್ಷೆಯಾಕೆ. ಅವಳ ಪಟ್ಟಿಯಲ್ಲಿ ಅಚ್ಚಿಗಾಗಿ ಕಾಯುವ ಇನ್ನೂ ಆರು ಮಕ್ಕಳಿದ್ದಾರಂತೆ.

ಮುಂದಿನದನ್ನು ನಿಧಾನವಾಗಿ ಓದು, ಅತ್ತೆಗೂ ಓದಿ ಹೇಳು.

ಅದಾಗಿ ಎರಡು ವಾರದ ಮೇಲೆ. ಸಂಜೆ ನಾಲ್ಕಕ್ಕೆ ನನ್ನ ಟ್ರಾಮ್ ನಮ್ಮ ಬೀದಿಯ ತಿರುವು ದಾಟುತ್ತದೆ. ಅಪ್ಪ ಮಗಳು ಇಬ್ಬರೂ ದಿನವೂ ಅಲ್ಲಿ ನಿಂತಿರುತ್ತಾರೆ, ನಾನು ಕೈ ಬೀಸುತ್ತೇನೆ. ಅವತ್ತು ಇಬ್ಬರೂ ನನಗೆ ಬೆನ್ನು ಹಾಕಿ ಅಂಗಡಿಯ ಕಿಟಕಿಯಲ್ಲಿ ಮಲಗಿದ್ದ ಬೆಕ್ಕನ್ನು ನೋಡುತ್ತಿದ್ದರು. ತಿರುವಿನಲ್ಲಿ ಗಂಟೆ ಬಾರಿಸುವುದು ನಿಯಮ. ಬಾರಿಸಿದೆ. ಇವನಿಗೆ ಕೇಳಿಸಲಿಲ್ಲ. ಅವನ ಮಿಷನ್‌ಗೆ ಅಷ್ಟು ದೂರದ್ದು ನಿಲುಕದು. ಮೆಣಸಿನಕಾಳು ಗಕ್ಕನೆ ತಲೆಯೆತ್ತಿದಳು. ಇನ್ನೂ ತಿರುಗಿ ನೋಡಿರಲಿಲ್ಲ ಅಪ್ಪಾ, ನಾನು ಕಣ್ಣಾರೆ ಕಂಡೆ, ತಿರುಗುವ ಮೊದಲೇ ಅವನ ಅಂಗಿಯ ತುದಿ ಹಿಡಿದು ಎಳೆದಳು. ಅವನು ಬಗ್ಗಿ ನೋಡಿದ. ಪುಟ್ಟ ಕೈಯಿಂದ ಸನ್ನೆ ಮಾಡಿದಳು: ಅಮ್ಮ ಬಂದಳು.

ಅವನಿಗೆ ಕೇಳಿಸದ್ದನ್ನು ಅವಳು ಕೇಳಿ ಅವನಿಗೆ ಹೇಳಿದಳು. ನಾನು ನಿಲ್ದಾಣವಲ್ಲದ ಕಡೆ ಟ್ರಾಮ್ ನಿಲ್ಲಿಸಿಬಿಟ್ಟೆ. ಮೂರು ವರ್ಷದ ನೌಕರಿಯಲ್ಲಿ ಮೊದಲ ಸಲ. ಒಳಗಿದ್ದ ಮೂವರು ದಾದಿಯರು ಏನಾಯಿತೆಂದು ಕೇಳಿದರು. "ನನ್ನ ಮಗಳಿಗೆ ಗಂಟೆ ಕೇಳಿಸ್ತು" ಎಂದೆ. ಅವರು ಮೂವರೂ ಚಪ್ಪಾಳೆ ತಟ್ಟಿದರು. ಅದೂ ಅವಳಿಗೆ ಕೇಳಿಸಿತು, ಯಾರಿಗೆ ಚಪ್ಪಾಳೆ ಎಂದು ಸುತ್ತಲೂ ನೋಡಿದಳು.

ಹೋದ ವಾರ ಜನವರಿಯ ಜೊತೆ ಹಾಕಿದೆವು. ಅದೂ ಬೆಣ್ಣೆಯ ಹಾಗೆ ಕೂತಿತು. ಮಾತಿನ ಲೆಕ್ಕ ಇಡುವುದನ್ನು ಅರವತ್ತಕ್ಕೆ ಬಿಟ್ಟೆ. ಇವತ್ತು ಬೆಳಿಗ್ಗೆ ಯಾರೂ ಹೇಳಿಕೊಡದೆ "ಬೇಡ ಹೋಗು" ಅಂದಳು, ನನಗೇ. ಇಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ಗೆದ್ದೆ ಅಪ್ಪಾ ನೀನು. ಬೋರ್ಡು ಮತ್ತೆ ಏರಿಸು.

ನಿನ್ನ ಮಗಳು

~

ಫೆಬ್ರವರಿ 26

ಅಳಿಯಂದಿರಿಗೆ,

ಮಗಳ ಕಾಗದ ಐದೇ ವಾರದಲ್ಲಿ ಬಂತು. ದಾರಿಗಳು ಒಂದೊಂದಾಗಿ ತೆರೆಯುತ್ತಿವೆ. ತಂಗಿಗೆ ಓದಿ ಹೇಳಲು ಹೋದೆ, ಗಂಟೆಯ ಹತ್ತಿರ ಬಂದಾಗ ಅವಳೇ ಕಿತ್ತುಕೊಂಡು ಓದಿದಳು. ಆಮೇಲೆ ಅದನ್ನು ದೊಡ್ಡ ಅಂಚೆ ಕಚೇರಿಗೆ ಒಯ್ದು ಕೌಂಟರಿನಾಕೆಗೆ ಕೊಟ್ಟೆ. ಸಾಲಿನಲ್ಲಿದ್ದವರನ್ನೆಲ್ಲ ಕಾಯಿಸಿ ಕೊನೆಯವರೆಗೂ ಓದಿದಳು. ಒಬ್ಬ ಗೊಣಗಿದ. "ಸುಮ್ನಿರ್ರೀ, ಇಲ್ಲಿ ಒಂದು ಮಗುವಿಗೆ ಕಿವಿ ಕೇಳಿಸಿದೆ" ಎಂದು ಗದರಿಸಿದಳು. ಹಡಗಿಗೆ ಹಾಕಿದ ಕಟ್ಟು ಮಾತ್ರ "ಸೇವೆ ಸ್ಥಗಿತ" ಎಂಬ ಚೀಟಿ ಅಂಟಿಸಿಕೊಂಡು ನನಗೇ ವಾಪಸು ಬಂತು. ಆಗಲಿ, ಅದೂ ಮೊಮ್ಮಗಳದೇ ತಾನೆ, ಇಲ್ಲೇ ಇರಲಿ.

ಪರೀಕ್ಷೆಯಾಕೆಯ ಪಟ್ಟಿಯ ಆರೂ ಮನೆಯವರು ಬರೆದಿದ್ದಾರೆ. ಮೂವರು ತಮ್ಮ ಹಿರಿಯ ಮಕ್ಕಳ ಹಳೆಯ ಅಚ್ಚುಗಳನ್ನು ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದರಂತೆ, ಕಳಿಸಿದ್ದಾರೆ. ಅವುಗಳನ್ನು ನೋಡಿ ತಮ್ಮಂದಿರದು, ತಂಗಿಯರದು ಮುಂಚಿತವಾಗಿ ಮಾಡುತ್ತಿದ್ದೇನೆ. ಉಳಿದ ಮೂವರಿಗೆ ದಾರಿ ಹುಡುಕುತ್ತಿದ್ದೇನೆ, ಸಿಗುತ್ತದೆ. ಅಂಗಡಿಯಲ್ಲಿ ಕೂರಲು ಜಾಗವಿಲ್ಲ, ಎಲ್ಲೆಲ್ಲೂ ಕಿವಿ. ಮೊಮ್ಮಕ್ಕಳಿಗೆ ಅಚ್ಚು ಮಾಡುತ್ತಾ ಕೂತಿದ್ದೇನೆ, ನನ್ನವಳಿಗೂ ಊರವರ ಮಕ್ಕಳಿಗೂ. ಇಷ್ಟು ಸಂತೋಷವಾಗಿ ನಾನು ಯಾವತ್ತೂ ಕೆಲಸ ಮಾಡಿದವನಲ್ಲ, ಅದನ್ನು ನಿಮಗೆ ಮುಖ ಕೊಟ್ಟೇ ಹೇಳಬೇಕೆಂದಿದೆ.

ಇದರ ಜೊತೆ ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು ಮಗುವಿನದಲ್ಲ, ನಿಮ್ಮದು. ಟ್ರಾಮಿನ ಗಂಟೆ ನಿಮಗೆ ನಿಲುಕಲಿಲ್ಲ ಎಂದು ಮಗಳು ಬರೆದದ್ದನ್ನು ಓದಿದಾಗಲೇ ಗೊತ್ತಾಯಿತು, ನೀವಿನ್ನೂ ನಾನು ಕೊನೆಯ ಸಲ ಮಾಡಿಕೊಟ್ಟ ಹಳೆಯ ಅಚ್ಚುಗಳನ್ನೇ ಹಾಕುತ್ತಿದ್ದೀರಿ, ಅವು ಕುಗ್ಗಿ ಗಟ್ಟಿಯಾಗಿ ಸೋರುತ್ತಿವೆ, ಕೂಗದಿರಲೆಂದು ಮಿಷನ್ನಿನ ಸದ್ದು ತಗ್ಗಿಸಿಟ್ಟಿದ್ದೀರಿ. ಬೇರೆ ಯಾರ ಹತ್ತಿರವೂ ಮಾಡಿಸಿಕೊಳ್ಳಲಿಲ್ಲ ನೀವು. ಹೊಸ ಜೊತೆ ಹಾಕಿಕೊಂಡು ಸಂಜೆ ನಾಲ್ಕಕ್ಕೆ ಆ ತಿರುವಿನಲ್ಲಿ ನಿಲ್ಲಿ. ಅಳತೆ ಕಳಿಸಲಿಲ್ಲವಲ್ಲ, ಹೇಗೆ ಕೂತೀತು ಎಂದು ಮಗಳು ಕೇಳುತ್ತಾಳೆ. ಕೂರುತ್ತದೆ ಎಂದು ಹೇಳಿ. ನಿಮ್ಮ ಕಿವಿ ನನಗೆ ಬಾಯಿಪಾಠ.

ಇಂತಿ,
ನಿಮ್ಮ ಮಾವ